ಎಂಟು ಭಾನುವಾರ, ಹನ್ನೊಂದು ಕುರ್ಚಿ: ಭೂಕುಸಿತ ಕಂಡವರ ಗುಂಪಿನಲ್ಲಿ ಕೂತು ಬಂದ ನನ್ನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 4 ಸ್ಟಾರ್. ಒಂದು ಸ್ಟಾರ್ ಎಲ್ಲಿ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ಮಿಕ್ಸಿ ತಗೊಂಡರೆ ರಿವ್ಯೂ ಬರೆಯುತ್ತೇವೆ, ದೋಸೆ ತಣ್ಣಗಿದ್ದರೆ ಬರೆಯುತ್ತೇವೆ. ದೊಡ್ಡ ಅನಾಹುತ ಕಂಡವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಗುಂಪುಗಳಿವೆ ಅಲ್ವಾ, ಅದರ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಹೋಗುವ ಮುಂಚೆ ನಾನು ಫೋನಿನಲ್ಲಿ ಎಷ್ಟು ಹುಡುಕಿದೆ. ಅಲ್ಲಿ ಏನು ಮಾಡಿಸುತ್ತಾರೆ, ಅಳಬೇಕಾ, ಎಲ್ಲರ ಮುಂದೆ ಹೇಳಲೇಬೇಕಾ, ದುಡ್ಡು ಕೇಳುತ್ತಾರಾ, ಒಂದೂ ಗೊತ್ತಾಗಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನಡೆಸಿದವರ ಹೆಸರು ಹಾಕುವುದಿಲ್ಲ. ಕೊಡಗು ಸಣ್ಣ ಜಿಲ್ಲೆ, ಗುಂಪಿನಲ್ಲಿ ಇದ್ದಿದ್ದೇ ಹತ್ತು ಜನ, ಹೆಸರು ಹಾಕಿದರೆ ಸಂಜೆಯೊಳಗೆ ಯಾರು ಯಾರು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ನಾನು ಪ್ರೈಮರಿ ಸ್ಕೂಲ್ ಟೀಚರ್. ಮೊದಲು ಮನೆ ಇದ್ದದ್ದು ಮಕ್ಕಂದೂರು ಕಡೆ, ಈಗ ಕುಶಾಲನಗರದಲ್ಲಿ ಬಾಡಿಗೆ ಮನೆ. ಯಾಕೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. 2018ರ ಆಗಸ್ಟ್ ಮಧ್ಯದಲ್ಲಿ ನಾಲ್ಕೈದು ದಿನ ಬಿಡದೆ ಹೊಯ್ದ ಮಳೆಗೆ ಮಕ್ಕಂದೂರು, ಮುಕ್ಕೊಡ್ಲು, ಹಟ್ಟಿಹೊಳೆ, ಹೆಬ್ಬೆಟ್ಟಗೇರಿ, ಆ ಕಡೆ ಮದೆನಾಡು, ಜೋಡುಪಾಲ, ಹೀಗೆ ಒಂದಾದ ಮೇಲೆ ಒಂದು ಊರಲ್ಲಿ ಗುಡ್ಡಗಳು ಇಳಿದವು. ಪೇಪರಿನಲ್ಲಿ ಭೂಕುಸಿತ ಅಂತ ಬರುತ್ತದೆ. ನಾವು ಬರೆ ಜರಿಯಿತು ಅನ್ನುತ್ತೇವೆ. ಬರೆ ಜರಿಯುವುದು ನಮಗೆ ಹೊಸದೇನಲ್ಲ, ಪ್ರತಿ ಮಳೆಗಾಲ ರಸ್ತೆ ಬದಿಯಲ್ಲಿ ಒಂದು ಬುಟ್ಟಿ ಮಣ್ಣು ಬೀಳುತ್ತಿತ್ತು, ಗುದ್ದಲಿ ತಗೊಂಡು ಹೋಗಿ ಸರಿಸಿ ಬರುತ್ತಿದ್ದೆವು. ಗುಡ್ಡಕ್ಕೆ ಗುಡ್ಡವೇ ಕಾಫಿ ಗಿಡ, ಸಿಲ್ವರ್ ಓಕ್ ಮರ ಎಲ್ಲ ನೆಟ್ಟಗೆ ನಿಂತ ಹಾಗೆ ಕೆಳಗೆ ನಡೆದು ಬರುವುದನ್ನು ನಾವ್ಯಾರೂ ಕಂಡಿರಲಿಲ್ಲ.

ನಮ್ಮ ಮನೆಯಲ್ಲಿ ಎಲ್ಲರೂ ಉಳಿದೆವು. ಮನೆ ಹೋಯಿತು, ಕೊಟ್ಟಿಗೆ ಹೋಯಿತು, ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸು ಹೋಯಿತು. ಹಸುವಿನ ಮಾತು ಆಮೇಲೆ ಬರುತ್ತದೆ.

ಈ ಗುಂಪು ಸೇರಿದ್ದು 2024ರಲ್ಲಿ. ಆರು ವರ್ಷ ಆದ ಮೇಲೆ ಈಗ್ಯಾಕೆ ಅಂತ ನನ್ನ ಗಂಡನೂ ಕೇಳಿದರು. ಆ ವರ್ಷ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿತ್ತು. ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಟಿವಿಯಲ್ಲಿ ಹಗಲು ರಾತ್ರಿ ಅದೇ ಮಣ್ಣು, ವಾಟ್ಸಾಪಿನಲ್ಲಿ ಅದೇ ವಿಡಿಯೊ. ವಯನಾಡು ನಮಗೆ ಪಕ್ಕದ ಮನೆ ಇದ್ದ ಹಾಗೆ, ಅಲ್ಲಿ ನೆಂಟರಿರುವವರು ನಮ್ಮಲ್ಲಿ ಜಾಸ್ತಿ. ಆ ವಾರದಿಂದ ನನಗೆ ನಿದ್ದೆ ಹೋಯಿತು. ರಾತ್ರಿ ಎರಡೂವರೆಗೆ ಎಚ್ಚರವಾಗಿ ಗೋಡೆಗೆ ಕೈ ಇಟ್ಟು ನಡುಗುತ್ತಿದೆಯಾ ಅಂತ ನೋಡುತ್ತಿದ್ದೆ. ಕುಶಾಲನಗರ ಸಮತಟ್ಟು ಜಾಗ, ನಮ್ಮ ಬಾಡಿಗೆ ಮನೆ ಹಿಂದೆ ಗುಡ್ಡವೇ ಇಲ್ಲ. ಅದು ಗೊತ್ತಿದ್ದೂ ನೋಡುತ್ತಿದ್ದೆ. ಬಾಗಿಲ ಹತ್ತಿರ ಒಂದು ಬ್ಯಾಗು, ಅದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್, ಪಾಸ್‌ಬುಕ್, ಮಗಳ ಮಾರ್ಕ್ಸ್ ಕಾರ್ಡ್, ಎರಡು ಜೊತೆ ಬಟ್ಟೆ, ಟಾರ್ಚ್. ಇದು 2018ರಿಂದಲೂ ಇದೆ. ಆ ಆಗಸ್ಟಿನಲ್ಲಿ ಮಾತ್ರ ದಿನಕ್ಕೆ ಮೂರು ಸಲ ಜಿಪ್ ತೆಗೆದು ನೋಡುವಷ್ಟಾಯಿತು.

ಒಂದು ಹಳೆಯ ಕಥೆ ಹೇಳದೆ ಈ ರಿವ್ಯೂ ಪೂರ್ತಿ ಆಗುವುದಿಲ್ಲ. ಈ ಥರದ ಗುಂಪು ನನಗೆ ಎರಡನೇ ಸಲ.

ಮೊದಲನೆಯದು 2018ರಲ್ಲೇ, ಪರಿಹಾರ ಕೇಂದ್ರದಲ್ಲಿ. ನಾಲ್ಕನೇ ದಿನವೋ ಐದನೇ ದಿನವೋ ಇರಬೇಕು. ಒಂದು ತಂಡ ಬಂತು. ಯಾವ ಊರಿನದು, ಯಾವ ಸಂಸ್ಥೆ ಅನ್ನುವುದು ಬೇಡ. ಹಾಲಿನಲ್ಲಿ ಸುಮಾರು ಮೂವತ್ತು ಜನರನ್ನು ವೃತ್ತಾಕಾರವಾಗಿ ಕೂರಿಸಿದರು. ಮೈಕ್ ಇತ್ತು! "ಮನಸ್ಸು ಬಿಚ್ಚಿ ಹೇಳಿ, ಹೇಳಿದರೆ ಹಗುರವಾಗುತ್ತದೆ" ಅಂದರು. ಒಬ್ಬೊಬ್ಬರಾಗಿ ಮೈಕ್ ದಾಟಿಸಿದರು. ಏನು ಕಂಡಿರಿ, ಏನು ಕೇಳಿಸಿತು, ಯಾರನ್ನು ಕಳೆದುಕೊಂಡಿರಿ. ಮಕ್ಕಳೂ ಅಲ್ಲೇ ಕೂತಿದ್ದರು, ಎಲ್ಲಿಗೆ ಹೋಗುತ್ತವೆ ಪಾಪ, ಇದ್ದದ್ದು ಒಂದೇ ಹಾಲು. ಒಬ್ಬರು ಹೇಳಲು ಶುರು ಮಾಡಿ ನಡುವೆ ನಿಲ್ಲಿಸಿದರೆ "ಪರವಾಗಿಲ್ಲ, ಹೇಳಿ ಹೇಳಿ" ಅಂತ ಬೆನ್ನು ಸವರಿ ಪೂರ್ತಿ ಹೇಳಿಸಿದರು. ಮೈಕ್ ನನ್ನ ಕೈಗೆ ಬಂದಾಗ "ನಾವು ಯಾರನ್ನೂ ಕಳೆದುಕೊಂಡಿಲ್ಲ" ಅಂತ ಹೇಳಿ ಪಕ್ಕದವರಿಗೆ ಕೊಟ್ಟೆ. ಕೊನೆಗೆ ಫೋಟೋ ತೆಗೆದರು. ಬಿಸ್ಕೆಟ್ ಪ್ಯಾಕ್ ಕೊಟ್ಟರು. ಸಂಜೆಗೆ ವ್ಯಾನ್ ಹತ್ತಿ ಹೋದವರು ಮತ್ತೆ ಬರಲಿಲ್ಲ.

ಆವತ್ತು ರಾತ್ರಿ ನನ್ನ ಮಗಳು, ಆಗ ಅವಳಿಗೆ ಒಂಬತ್ತು ವರ್ಷ, ತಾನು ಕಾಣದೇ ಇದ್ದದ್ದನ್ನೆಲ್ಲ ಕನಸಿನಲ್ಲಿ ಕಂಡು ಕಿರುಚಿಕೊಂಡಳು. ನಾವು ಕತ್ತಲಲ್ಲಿ ಅವಳ ಮುಖಕ್ಕೆ ಶಾಲು ಸುತ್ತಿ ಎತ್ತಿಕೊಂಡು ಬಂದಿದ್ದೆವು, ಅವಳು ಏನೂ ನೋಡಿರಲಿಲ್ಲ. ಹಾಲಿನಲ್ಲಿ ಮೂವತ್ತು ಜನ ಕಂಡದ್ದು ಒಂದೇ ಮಧ್ಯಾಹ್ನದಲ್ಲಿ ಅವಳ ತಲೆಗೆ ಸೇರಿತ್ತು.

ಅವರದ್ದು ಕೆಟ್ಟ ಮನಸ್ಸು ಅಂತ ನಾನು ಹೇಳುವುದಿಲ್ಲ. ಸ್ವಂತ ಖರ್ಚಿನಲ್ಲಿ ಬಂದಿದ್ದರೋ ಏನೋ. ಆದರೆ ಆಮೇಲೆ ಓದಿ ತಿಳಿದುಕೊಂಡೆ, ಹೀಗೆ ಕೂಡಿಸಿ ನಡೆದದ್ದನ್ನೆಲ್ಲ ಹೇಳಿಸುವುದಕ್ಕೆ ಡಿಬ್ರೀಫಿಂಗ್ ಅನ್ನುತ್ತಾರೆ. ಅಮೆರಿಕದ ಜೆಫ್ರಿ ಮಿಚೆಲ್ ಅನ್ನುವವರು 1983ರಲ್ಲಿ ಇದನ್ನು ಬರೆದದ್ದು ಬೆಂಕಿ ಆರಿಸುವವರು, ಆಂಬುಲೆನ್ಸ್‌ನವರು, ಅಂಥ ಕೆಲಸದವರಿಗಾಗಿ. ಏಳು ಹಂತದ ಒಂದು ಕ್ರಮ ಅದು. ಒಟ್ಟಿಗೆ ಕೆಲಸ ಮಾಡುವ, ತರಬೇತಿ ಆದ ಜನರಿಗೆ ಮಾಡಿದ್ದು ಹರಡುತ್ತಾ ಹರಡುತ್ತಾ ಎಲ್ಲಾ ಅನಾಹುತಕ್ಕೂ ಎಲ್ಲಾ ಜನರಿಗೂ ಅಂತಾಯಿತು. ಆಮೇಲೆ ಪರೀಕ್ಷೆ ಮಾಡಿ ನೋಡಿದರು. ಬ್ರಿಟನ್ನಿನಲ್ಲಿ ಸುಟ್ಟಗಾಯ ಆಗಿ ಆಸ್ಪತ್ರೆಗೆ ಸೇರಿದವರಲ್ಲಿ ಕೆಲವರಿಗೆ ಒಂದು ಸಲ ಕೂರಿಸಿ ಎಲ್ಲಾ ಹೇಳಿಸಿದರು, ಕೆಲವರಿಗೆ ಹೇಳಿಸಲಿಲ್ಲ. 1997ರಲ್ಲಿ ಬಂದ ಲೆಕ್ಕ ಇದು: 13 ತಿಂಗಳ ನಂತರ ನೋಡಿದರೆ ಹೇಳಿಸಿಕೊಂಡವರಲ್ಲಿ 100ಕ್ಕೆ 26 ಜನರಿಗೆ, ಆಘಾತ ಕಳೆದು ಬಹಳ ದಿನವಾದರೂ ಬಿಡದೆ ಕಾಡುವ ಮಾನಸಿಕ ಕಾಯಿಲೆಯಾದ ಪಿಟಿಎಸ್‌ಡಿ, ಸುಮ್ನೆ ಬಿಟ್ಟವರಲ್ಲಿ 9 ಜನರಿಗೆ. ಹೇಳಿಸಿಕೊಂಡವರ ಗಾಯ ಮೊದಲೇ ಸ್ವಲ್ಪ ಜಾಸ್ತಿ ಇತ್ತು ಅನ್ನುವ ಮಾತೂ ಇದೆ, ಮತ್ತೆ ಅದು ಗುಂಪಿನಲ್ಲಿ ಮಾಡಿದ್ದಲ್ಲ, ಒಬ್ಬೊಬ್ಬರನ್ನೇ ಇಲ್ಲವೇ ಜೋಡಿಯಾಗಿ ಕೂರಿಸಿ ಮಾಡಿದ್ದು. ಆದರೂ ಇಂಥ ಹಲವು ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದ ಮೇಲೆ ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಪಿಟಿಎಸ್‌ಡಿ ತಡೆಯಬಹುದು ಅನ್ನುವುದಕ್ಕೆ ಆಧಾರ ಇಲ್ಲ ಅಂತಾಯಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಕೈಪಿಡಿಯಲ್ಲಿ ಹೇಳುವುದು ಮೂರೇ ಕೆಲಸ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ಕಡೆಗೆ ಜೋಡಿಸಿ. ಒತ್ತಾಯ ಮಾಡಿ ಹೇಳಿಸಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿದೆ. ನಮ್ಮ ಕ್ಯಾಂಪಿಗೆ ಮೈಕ್ ಬಂದದ್ದು ಆ ಕೈಪಿಡಿ ಬಂದು ಏಳು ವರ್ಷ ಆದ ಮೇಲೆ.

ಹಾಗಾಗಿ 2024ರಲ್ಲಿ ನಮ್ಮ ಏರಿಯಾದ ಅಂಗನವಾಡಿ ಟೀಚರ್ "ಅಕ್ಕಾ, ಒಂದು ಗುಂಪು ಶುರುವಾಗುತ್ತಿದೆ, ಬನ್ನಿ" ಅಂದಾಗ ನಾನು ಬರಲ್ಲ ಅಂದೆ. ಮೂರು ಸಲ ಅಂದೆ. ನಾಲ್ಕನೇ ಸಲ ಅವರು "ಹೇಳಬೇಕಾಗಿಲ್ಲ ಅಕ್ಕಾ, ಟೀ ಕುಡಿದು ಬನ್ನಿ" ಅಂದರು. ಟೀಗೆ ಹೋದೆ.

ಈಗ ಸೇವೆಯ ವಿಷಯಕ್ಕೆ ಬರೋಣ. ಅಕ್ಟೋಬರ್ ಮೊದಲ ಭಾನುವಾರದಿಂದ ಎಂಟು ಭಾನುವಾರ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ. ದುಡ್ಡಿಲ್ಲ. ದೂರದಿಂದ ಬರುವವರಿಗೆ ಬಸ್ ಚಾರ್ಜ್ ಕೊಟ್ಟರು, ಮೂರನೇ ವಾರದಿಂದ, ಅದೂ ಕೇಳಿದ ಮೇಲೆ. ನಡೆಸುವವರು ಇಬ್ಬರು. ಒಬ್ಬರು ಬೆಂಗಳೂರಿನಿಂದ ಬರುತ್ತಿದ್ದ ಕೌನ್ಸೆಲರ್ ಮೇಡಂ, ಇನ್ನೊಬ್ಬರು ತರಬೇತಿ ತಗೊಂಡ ನಮ್ಮ ಅಂಗನವಾಡಿ ಟೀಚರ್. ನಾವು ಹತ್ತು ಜನ. ನಮಗೆ ಹಾಕಿದ್ದ ಕುರ್ಚಿ ಮಾತ್ರ ಹನ್ನೊಂದು. ಆ ಒಂದು ಖಾಲಿ ಕುರ್ಚಿ ಯಾಕೆ ಅಂತ ಮೊದಲ ವಾರ ನಮಗೆಲ್ಲ ಕುತೂಹಲ. ಏನೋ ದೊಡ್ಡ ಅರ್ಥ ಇರಬೇಕು ಅಂದುಕೊಂಡಿದ್ದೆವು. ಕೇಳಿದರೆ "ಬ್ಯಾಗು ಇಡಲಿಕ್ಕೆ" ಅಂದರು.

ನಮ್ಮ ಬ್ಯಾಚಿನಲ್ಲಿ ಯಾರಿದ್ದರು ಅಂತ ಗುರುತು ಸಿಗದ ಹಾಗೆ ಹೇಳುತ್ತೇನೆ. ಎಪ್ಪತ್ತು ದಾಟಿದ ಒಬ್ಬರು ಅಜ್ಜ, ಒಂದು ಕಾಲದಲ್ಲಿ ತೋಟ ಇದ್ದವರು. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದ ಒಬ್ಬರು ತಮಿಳು ಅಮ್ಮ. ಜೀಪ್ ಓಡಿಸುವ ಒಬ್ಬ ಹುಡುಗ. ಗಂಡ ಹೆಂಡತಿ ಒಂದು ಜೋಡಿ. ಸರ್ಕಾರ ಕಟ್ಟಿಸಿಕೊಟ್ಟ ಹೊಸ ಬಡಾವಣೆಯಿಂದ ಬರುತ್ತಿದ್ದ ಮೂರು ಹೆಂಗಸರು. ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಸರ್. ನಾನು.

ಮೊದಲ ದಿನ ನನಗೆ ಇಷ್ಟವಾದದ್ದು ಬಾಗಿಲು. ಬಾಗಿಲು ತೆಗೆದೇ ಇಟ್ಟಿದ್ದರು, ಎಲ್ಲಾ ಕುರ್ಚಿಯಿಂದಲೂ ಅದು ಕಾಣುತ್ತಿತ್ತು. ನಿಯಮ ಹೇಳಿದರು, ಎಲ್ಲ ಸೇರಿ ಎರಡು ನಿಮಿಷ. ಇಲ್ಲಿಯ ಮಾತು ಇಲ್ಲೇ ಇರಲಿ. ಹೇಳಬೇಕು ಅನಿಸಿದರೆ ಹೇಳಿ, ಇಲ್ಲದಿದ್ದರೆ ಬೇಡ, ಎಂಟು ವಾರವೂ ಬಾಯಿ ಬಿಡದಿದ್ದರೂ ಯಾರೂ ಕೇಳುವುದಿಲ್ಲ. ಎದ್ದು ಹೋಗಬೇಕು ಅನಿಸಿದರೆ ಹೋಗಿ, ಟೀಚರ್ ಹಿಂದೆಯೇ ಬಂದು ಹೊರಗೆ ನಿಂತಿರುತ್ತಾರೆ. ಯಾರಿಗೂ "ನಿಮ್ಮ ಕಥೆ ಹೇಳಿ" ಅನ್ನಲಿಲ್ಲ. ಹೆಸರು, ಈಗ ಎಲ್ಲಿ ಇದ್ದೀರಿ, ಮಳೆಗಾಲದಲ್ಲಿ ಏನು ತಿನ್ನಲು ಇಷ್ಟ. ಅಷ್ಟೇ. ಹತ್ತರಲ್ಲಿ ಏಳು ಜನ ಕಣಿಲೆ, ಅಂದರೆ ಎಳೆ ಬಿದಿರು, ಅಂದೆವು. ಅಜ್ಜ ಮದ್ದುಸೊಪ್ಪಿನ ಪಾಯಸ ಅಂದರು. ನಮ್ಮ ಮಳೆಗಾಲದ ಕಕ್ಕಡ ತಿಂಗಳ 18ಕ್ಕೆ ಎಲ್ಲರ ಮನೆಯಲ್ಲೂ ಮಾಡುತ್ತಾರಲ್ಲ, ಅದು. ಅದರ ಬಣ್ಣದ ವಿಷಯಕ್ಕೆ ಹತ್ತು ನಿಮಿಷ ನಗು. ನಾನು ಆರು ವರ್ಷದಲ್ಲಿ ಮಳೆಗಾಲದ ಬಗ್ಗೆ ನಕ್ಕಿದ್ದು ಅದೇ ಮೊದಲು ಇರಬೇಕು.

ಎರಡನೇ ವಾರ ಮೇಡಂ ಮೈಯೊಳಗೆ ಏನಾಗುತ್ತದೆ ಅಂತ ಹೇಳಿದರು. ಶುರುವಿನಲ್ಲಿ "ಆಘಾತೋತ್ತರ", "ಭಾವನಾತ್ಮಕ ನಿಯಂತ್ರಣ" ಅಂತೆಲ್ಲ ಪುಸ್ತಕದ ಕನ್ನಡ ಬಂತು. ತಮಿಳು ಅಮ್ಮ ನನ್ನ ಕಡೆ ನೋಡಿದರು, ನಾನು ಟೀಚರ್ ಕಡೆ ನೋಡಿದೆ. ಆಗ ಟೀಚರ್ ನಡುವೆ ಬಾಯಿ ಹಾಕಿ "ಆನೆ ಬಂದು ಹೋದ ಮನೆಯ ನಾಯಿ ನೋಡಿದ್ದೀರಲ್ಲ" ಅಂದರು. ಆನೆ ಒಂದು ಸಲ ಅಂಗಳಕ್ಕೆ ಬಂದು ಬಾಳೆ ಮುರಿದು ಹೋದರೆ ಸಾಕು, ಆಮೇಲೆ ಆ ಮನೆಯ ನಾಯಿ ಒಣ ಎಲೆ ಬಿದ್ದರೂ ಬೊಗಳುತ್ತದೆ. ನಾಯಿಗೆ ಹುಚ್ಚು ಹಿಡಿದಿಲ್ಲ. ಅದು ತನ್ನ ಕೆಲಸವನ್ನೇ ಮಾಡುತ್ತಿದೆ, ಸ್ವಲ್ಪ ಜಾಸ್ತಿ ಮಾಡುತ್ತಿದೆ. ನಿಮ್ಮೊಳಗೂ ಅಂಥ ಒಂದು ನಾಯಿ ಇದೆ, ಅದಕ್ಕೆ ಹೊಡೆಯಬೇಡಿ, ಆನೆ ಹೋಯಿತು ಅಂತ ನಿಧಾನಕ್ಕೆ ತಿಳಿಸೋಣ. ಹತ್ತು ಜನರಿಗೂ ಒಂದೇ ಸಲಕ್ಕೆ ಅರ್ಥವಾಯಿತು. ಆಮೇಲೆ ಎಂಟು ವಾರವೂ ನಮ್ಮ ಭಾಷೆ ಅದೇ. "ನಿನ್ನೆ ರಾತ್ರಿ ನಾಯಿ ಬೊಗಳಿತಾ?" "ಒಂದು ಗಂಟೆ ಬೊಗಳಿ ಮಲಗಿತು."

ದೊಡ್ಡ ಅನಾಹುತ ಆದ ಮೇಲೆ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗೇ ಸುಧಾರಿಸಿಕೊಳ್ಳುತ್ತಾರಂತೆ. ಊಟ, ಸೂರು, ಮನೆಯವರು ಹತ್ತಿರ ಇದ್ದರೆ ಸಾಕು. ಒಂದು ತಿಂಗಳು ದಾಟಿದ ಮೇಲೂ ಅದೇ ಕನಸು, ಅದೇ ಬೆಚ್ಚಿ ಬೀಳುವುದು, ಆ ಜಾಗದ ಕಡೆ ತಲೆ ಹಾಕದೇ ಇರುವುದು ಮುಂದುವರಿದು ದಿನದ ಕೆಲಸ ಕೆಟ್ಟರೆ ಆಗ ಪಿಟಿಎಸ್‌ಡಿ ಇದೆಯಾ ಅಂತ ನೋಡಬೇಕು. ಇದನ್ನು ಕೇಳಿ ಬ್ಯಾಂಕ್ ಸರ್ ಉಸಿರು ಬಿಟ್ಟರು. ಅವರು ಆರು ವರ್ಷವೂ "ನಾನು ದುರ್ಬಲ" ಅಂದುಕೊಂಡೇ ಇದ್ದರಂತೆ.

ಆಮೇಲೆ ಉಸಿರಾಟ. ಇದರಲ್ಲಿ ಒಂದು ಎಡವಟ್ಟಾಯಿತು. ಮೇಡಂ "ಕಣ್ಣು ಮುಚ್ಚಿ, ನಿಧಾನಕ್ಕೆ ಉಸಿರು ತಗೊಳ್ಳಿ" ಅಂದರು. ಕಣ್ಣು ಮುಚ್ಚಿದ ತಕ್ಷಣ ನನಗೆ ಆ ಸದ್ದು ಬಂತು. ಲಾರಿಯಿಂದ ಜಲ್ಲಿ ಸುರಿಯುವಾಗ ಬರುತ್ತಲ್ಲ, ಆ ಥರ, ಆದರೆ ನಿಲ್ಲದೆ. ಕಣ್ಣು ಬಿಟ್ಟು ನೋಡಿದರೆ ಜೀಪ್ ಹುಡುಗನೂ ಕಣ್ಣು ಬಿಟ್ಟಿದ್ದಾನೆ, ಬೆವರಿದ್ದಾನೆ. ಅವನು ಜೋರಾಗಿ "ಮೇಡಂ, ಕಣ್ಣು ಮುಚ್ಚಿದರೆ ಆಗಲ್ಲ" ಅಂದ. ಮೇಡಂ ಅಲ್ಲೇ ನಿಲ್ಲಿಸಿದರು. "ತಪ್ಪು ನನ್ನದು, ಮುಚ್ಚಬೇಡಿ, ನಿಮ್ಮ ಚಪ್ಪಲಿ ನೋಡಿಕೊಂಡು ಮಾಡಿ" ಅಂದರು. ಮುಂದಿನ ವಾರದಿಂದ ಕಣ್ಣು ಮುಚ್ಚಿಸಲೇ ಇಲ್ಲ. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಅಲ್ಲಿ. ತಪ್ಪು ಅಂತ ಒಪ್ಪಿಕೊಳ್ಳುವ ಮೇಡಂಗಳನ್ನು ನಾನು ನಮ್ಮ ಇಲಾಖೆಯಲ್ಲಿ ಜಾಸ್ತಿ ಕಂಡಿಲ್ಲ.

ಮೂರನೇ ವಾರ ನಿಜವಾದ ಪರೀಕ್ಷೆ ಬಂತು. ಆ ಅಕ್ಟೋಬರಿನಲ್ಲಿ ಹಿಂಗಾರು ಜೋರಿತ್ತು. ನಾವು ಕೂರುತ್ತಿದ್ದ ಹಾಲಿಗೆ ತಗಡಿನ ಮಾಡು. ಹನ್ನೊಂದೂಕಾಲಿಗೆ ಒಮ್ಮೆಗೇ ಮಳೆ ಹೊಯ್ಯಿತು. ತಗಡಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಹತ್ತು ಜನರ ಮುಖವೂ ಒಂದೇ ಸಲ ಕಿಟಕಿ ಕಡೆ ತಿರುಗಿತು. ಮೇಡಂ ಮಾತು ನಿಲ್ಲಿಸಿದರು. ಟೀಚರ್ ಹೊರಗೆ ಹೋಗಿ ನಿಂಬೆ ಗಿಡದಿಂದ ಒಂದು ಹಿಡಿ ಎಲೆ ಕಿತ್ತು ತಂದು ಎಲ್ಲರಿಗೂ ಎರಡೆರಡು ಕೊಟ್ಟರು. "ಹಿಚುಕಿ, ಮೂಸಿ" ಅಂತ ಕೈಸನ್ನೆ ಮಾಡಿದರು, ಮಾತು ಕೇಳಿಸುತ್ತಿರಲಿಲ್ಲವಲ್ಲ. ಕಾಲು ನೆಲಕ್ಕೆ ಒತ್ತಿ ಕೂತೆವು. ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಮಳೆ, ನಿಂಬೆ ಎಲೆಯ ವಾಸನೆ, ಹತ್ತು ಜನ. ಆ ತಮಿಳು ಅಮ್ಮ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು. ಹಿಡಿದದ್ದು ಅವರಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಮಳೆ ನಿಂತ ಮೇಲೆ ಜೀಪ್ ಹುಡುಗ "ಏನೂ ಆಗಲಿಲ್ಲ ಅಲ್ವಾ" ಅಂದ. ಮನೆಯಲ್ಲಿ ಒಬ್ಬಳೇ ಇದ್ದಾಗ ಎಷ್ಟು ಸಲ ಮಳೆ ಬಂದು ನಿಂತಿಲ್ಲ, ಒಂದು ಸಲವೂ ನನಗೆ ಹಾಗೆ ಅನಿಸಿರಲಿಲ್ಲ. ಈಗ ನನ್ನ ಪರ್ಸಿನಲ್ಲಿ ಯಾವಾಗಲೂ ಒಂದು ನಿಂಬೆ ಎಲೆ ಇರುತ್ತದೆ. ಒಣಗಿದರೆ ಬದಲಾಯಿಸುತ್ತೇನೆ.

ನಾಲ್ಕನೇ ವಾರ ಸಮಸ್ಯೆಗಳ ವಾರ. ನಮ್ಮ ಸಮಸ್ಯೆಗಳನ್ನು ಎರಡು ರಾಶಿ ಮಾಡಿಸಿದರು. ಕೈಯಲ್ಲಿ ಏನಾದರೂ ಮಾಡಬಹುದಾದದ್ದು, ಏನೂ ಮಾಡಲಾಗದ್ದು. ಗಂಡ ಹೆಂಡತಿ ಜೋಡಿಯ ಸಮಸ್ಯೆ ಕೇಳಿ: ಜಾಗ ಜರಿದು ಹೊಳೆಗೆ ಹೋಗಿದೆ, ಆರ್‌ಟಿಸಿಯಲ್ಲಿ ಮಾತ್ರ ಹಾಗೇ ಇದೆ, ಅದರ ಮೇಲಿನ ಸಾಲವೂ ಹಾಗೇ ಇದೆ. ಜಾಗ ವಾಪಸ್ ತರಲಾಗದು. ಸಾಲದ ಕಾಗದ ಓದಬಹುದು. ಬ್ಯಾಂಕ್ ಸರ್ ಅಲ್ಲೇ ಕನ್ನಡಕ ಹಾಕಿಕೊಂಡು ಕೂತರು, ಮುಂದಿನ ವಾರ ಅವರ ಜೊತೆ ಬ್ಯಾಂಕಿಗೂ ಹೋದರು. ಆವತ್ತಿನಿಂದ ಸರ್ ಮುಖವೇ ಬೇರೆ. ನೋಡಿ, ಅವರಿಗೆ ಯಾರೂ ಸಮಾಧಾನ ಹೇಳಲಿಲ್ಲ, ಒಂದು ಕೆಲಸ ಕೊಟ್ಟರು.

ಈ ಉಸಿರಾಟ, ಸಮಸ್ಯೆ ವಿಂಗಡಿಸುವುದು, ಬಿಟ್ಟ ಕೆಲಸ ಸ್ವಲ್ಪ ಸ್ವಲ್ಪ ಮತ್ತೆ ಶುರು ಮಾಡುವುದು, ನಮ್ಮವರ ಜೊತೆ ನಂಟು ಗಟ್ಟಿ ಮಾಡಿಕೊಳ್ಳುವುದು, ಈ ನಾಲ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಐದು ವಾರದ ಒಂದು ಕಾರ್ಯಕ್ರಮದಿಂದ ಬಂದದ್ದಂತೆ. ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ಹಳ್ಳಿ ಹೆಂಗಸರ ಗುಂಪು ಮಾಡಿ ಅದನ್ನು ನಡೆಸಿ ನೋಡಿದ್ದಾರೆ. ನಡೆಸಿದ್ದು ಡಾಕ್ಟರುಗಳಲ್ಲ, ಅದೇ ಊರ ಕಡೆಯ, ತರಬೇತಿ ಕೊಟ್ಟ ಹೆಂಗಸರು. ಉಪಯೋಗವಾಯಿತು ಅಂತ 2019ರಲ್ಲಿ ಬರೆದರು. ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮ ಗುಂಪು ನಿಂತದ್ದೂ ಅಂಗನವಾಡಿ ಟೀಚರ್ ಮೇಲೆ. ಮೇಡಂ ಒಳ್ಳೆಯವರು, ಆದರೆ ಭಾನುವಾರ ಸಂಜೆ ಬೆಂಗಳೂರು ಬಸ್ ಹತ್ತುತ್ತಿದ್ದರು. ಟೀಚರ್ ಸೋಮವಾರ ತರಕಾರಿ ಅಂಗಡಿಯಲ್ಲಿ ಸಿಗುತ್ತಿದ್ದರು. ಊರಿನವರಿಗೇ ತರಬೇತಿ ಕೊಡುವ ಕ್ರಮ ನಮ್ಮ ನಿಮ್ಹಾನ್ಸ್‌ನವರಿಗೆ ಹಳೆಯದು, 1999ರ ಒಡಿಶಾ ಚಂಡಮಾರುತದ ನಂತರ ಅವರು ಅಲ್ಲಿ ಮಾಡಿದ್ದೂ ಅದನ್ನೇ. ಅದಕ್ಕೂ ಮುಂಚೆ, 1981ರ ಫೆಬ್ರವರಿ 7ಕ್ಕೆ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ, ಅದರಲ್ಲಿ ಜಾಸ್ತಿ ಮಕ್ಕಳೇ, ಹೋದಾಗ ಸತ್ತವರ ಮನೆಯವರನ್ನು ಕಂಡು ಮಾತಾಡಿಸಿ ದಾಖಲಿಸಿದ್ದರು. ಅಂದರೆ ಈ ಕೆಲಸ ತಿಳಿದವರು ನಮ್ಮ ರಾಜ್ಯದಲ್ಲಿ ನಲವತ್ತು ವರ್ಷದಿಂದ ಇದ್ದಾರೆ. ಆದರೂ ಕ್ಯಾಂಪಿಗೆ ಮೈಕ್ ಹೇಗೆ ಬಂತೋ.

ಐದನೇ ವಾರ ನಾನು ಬಾಯಿ ಬಿಟ್ಟೆ. ಯಾರೂ ಕೇಳಿರಲಿಲ್ಲ. ಬೇರೆ ಯಾರೋ ಹಾಲಿನ ರೇಟಿನ ಬಗ್ಗೆ ಮಾತಾಡುತ್ತಿದ್ದರು, ನನ್ನ ಬಾಯಿಂದ ಬಂದುಬಿಟ್ಟಿತು. ಆವತ್ತು ರಾತ್ರಿ ಹೊರಡುವಾಗ ಹಸು ಕೂಗುತ್ತಿತ್ತು. ಕೊಟ್ಟಿಗೆ ಇದ್ದದ್ದು ಅಂಗಳದಿಂದ ಹದಿನೈದು ಹೆಜ್ಜೆ. ಹಗ್ಗ ಬಿಚ್ಚಿ ಬರುತ್ತೇನೆ ಅಂದೆ, ಗಂಡ ಕೈ ಹಿಡಿದು ಎಳೆದರು. ಬಿಚ್ಚಿದ್ದರೆ ಅದು ಎತ್ತಲಾದರೂ ಓಡುತ್ತಿತ್ತು. ಆರು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನಂತಾರೆ ಅಂತ ಗೊತ್ತಿತ್ತು. ಮನುಷ್ಯರು ಉಳಿದರಲ್ಲ, ಹಸು ಏನು ದೊಡ್ಡದು, ಪಾಪ ಅವರ ಮನೆಯಲ್ಲಿ ನೋಡಿ ಏನಾಗಿದೆ. ಸತ್ಯವೇ. ಅದಕ್ಕೇ ಆವತ್ತು ಮೈಕ್ ಬಂದಾಗ "ಯಾರನ್ನೂ ಕಳೆದುಕೊಂಡಿಲ್ಲ" ಅಂದಿದ್ದು.

ಕೋಣೆಯಲ್ಲಿ ಸದ್ದಿಲ್ಲ. ಮೇಡಂ ಏನೂ ಹೇಳಲಿಲ್ಲ. ನಾನು ತಲೆ ಬಗ್ಗಿಸಿ ಕೂತಿದ್ದೆ. ಆಗ ತಮಿಳು ಅಮ್ಮ ತಮ್ಮ ಮುರುಕು ಕನ್ನಡದಲ್ಲಿ ಕೇಳಿದರು, "ಹಸು ಹೆಸರು ಏನಮ್ಮಾ?"

ಕೆಂಪಿ ಅಂದೆ.

ಕೆಂಪಿಗೆ ಎಷ್ಟು ಕರು, ಎಷ್ಟು ಹಾಲು, ಒದೆಯುತ್ತಿತ್ತಾ, ಅಂತ ಆ ಅಮ್ಮ ಒಂದೊಂದಾಗಿ ಕೇಳಿದರು. ನಾನು ಒಂದೊಂದಾಗಿ ಹೇಳಿದೆ. ಒದೆಯುತ್ತಿತ್ತು, ನನ್ನ ಗಂಡನಿಗೆ ಮಾತ್ರ. ಎಲ್ಲರೂ ನಕ್ಕರು, ನಾನು ಅಳುತ್ತಲೇ ನಕ್ಕೆ. ಆ ಅಮ್ಮ ತಾವು ಏನು ಕಳೆದುಕೊಂಡಿದ್ದಾರೆ ಅಂತ ನನಗೆ ಆಮೇಲೆ ತಿಳಿಯಿತು. ಅದು ನಾನು ಹೇಳುವ ಮಾತಲ್ಲ. ನನ್ನ ಹಸುವಿನ ಹತ್ತರಷ್ಟು ಅಂತ ಮಾತ್ರ ಹೇಳಬಹುದು. ಅವರು ಕೇಳಿದ್ದು ಹಸುವಿನ ಹೆಸರು. ಇದನ್ನು ಯಾವ ತರಬೇತಿಯಲ್ಲಿ ಹೇಳಿಕೊಡುತ್ತಾರೆ? ಒಬ್ಬ ಕೌನ್ಸೆಲರ್ ಎದುರು ಕೂತು ಹೇಳುವುದಕ್ಕೂ ಗುಂಪಿನಲ್ಲಿ ಹೇಳುವುದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಾದದ್ದು ಈ ಒಂದು ಪ್ರಶ್ನೆಯಿಂದ.

ಇನ್ನು ಅಜ್ಜ. ಕೊಡಗಿನ ತೋಟದವರಿಗೆ ಮಳೆ ಅಳೆಯುವುದು ಸ್ನಾನ, ತಿಂಡಿ ಇದ್ದ ಹಾಗೆ. ಅಂಗಳದಲ್ಲಿ ಮಳೆಮಾಪಕ, ಬೆಳಿಗ್ಗೆ ಎದ್ದು ನೋಡಿ ಡೈರಿಯಲ್ಲಿ ಬರೆಯುವುದು, ಆಮೇಲೆ ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು? ನಮ್ಮಲ್ಲಿ 2 ಇಂಚು 30 ಸೆಂಟು" ಅಂತ ಹೇಳಿಕೊಳ್ಳುವುದು (ಒಂದು ಇಂಚಿಗೆ ನೂರು ಸೆಂಟು). ಅಜ್ಜ ನಲವತ್ತು ವರ್ಷ ಬರೆದವರು. 2018ರ ಆಗಸ್ಟಿನಲ್ಲಿ ಡೈರಿ ನಿಂತಿತು. ಆಮೇಲೆ ಅವರು ಮಳೆ ಅಂದರೆ ಎದ್ದು ಒಳಗೆ ಹೋಗುವವರಾದರು, ಸೊಸೆ ಹೇಳಿ ಗುಂಪಿಗೆ ಕಳಿಸಿದ್ದಂತೆ. ಬಿಟ್ಟ ಕೆಲಸ ಶುರು ಮಾಡುವ ವಾರ ಬಂದಾಗ ಎಲ್ಲರೂ ಒಂದೊಂದು ಆರಿಸಿಕೊಂಡೆವು. ಜೀಪ್ ಹುಡುಗ ಮಡಿಕೇರಿಯಿಂದ ಮಕ್ಕಂದೂರು ರಸ್ತೆಯಲ್ಲಿ ಹಗಲು ಹೊತ್ತಲ್ಲಿ ಒಂದು ಸಲ ಹೋಗಿ ಬರುತ್ತೇನೆ ಅಂದ. ನಾನು ರಾತ್ರಿ ಗೋಡೆ ಮುಟ್ಟಿ ನೋಡುವುದನ್ನು ಒಂದೇ ಸಲಕ್ಕೆ ಇಳಿಸುತ್ತೇನೆ ಅಂದೆ. ಅಜ್ಜ ಏನೂ ಹೇಳಲಿಲ್ಲ. ಏಳನೇ ವಾರ ಒಂದು ಹೊಸ ಡೈರಿ ತಂದರು. ಮೊದಲ ಪುಟದಲ್ಲಿ ತಾರೀಖು, ಅದರ ಮುಂದೆ "ಮಳೆ ಇಲ್ಲ". ಮಾರನೇ ದಿನ "ಮಳೆ ಇಲ್ಲ". ಹೀಗೆ ಆರು ದಿನ. ನವೆಂಬರಿನಲ್ಲಿ ಮಳೆ ಎಲ್ಲಿಂದ ಬರಬೇಕು. ಆದರೆ ಅಳೆಯಲು ಹೋಗಿದ್ದರು.

ಈಗ ಕಿತ್ತುಕೊಂಡ ಒಂದು ಸ್ಟಾರಿನ ವಿಷಯ. ಹಾಜರಿ ಪಟ್ಟಿಯ ಮೇಲೆ "ಫಲಾನುಭವಿ" ಅಂತ ಪ್ರಿಂಟ್ ಆಗಿತ್ತು. ಆರು ವರ್ಷ "ಸಂತ್ರಸ್ತರು" ಆಗಿದ್ದೆವು, ಇಲ್ಲಿ ಫಲಾನುಭವಿಗಳಾದೆವು. ಹೆಸರು ಅಂತ ಬರೆದರೆ ಸಾಕಲ್ಲ. ಅಜ್ಜ ಮೂರನೇ ವಾರ ಪೆನ್ನಿನಲ್ಲಿ ಅದನ್ನು ಹೊಡೆದು ಹಾಕಿದರು, ಮೇಡಂ ನೋಡಿಯೂ ನೋಡದ ಹಾಗಿದ್ದರು.

ಶುರುವಿನಲ್ಲೂ ಕೊನೆಯಲ್ಲೂ 20 ಪ್ರಶ್ನೆಗಳ ಒಂದು ಹಾಳೆ ತುಂಬಿಸಿದರು. ಒಂದೊಂದಕ್ಕೆ 0ಯಿಂದ 4. ನನ್ನದು 49 ಇದ್ದದ್ದು 28ಕ್ಕೆ ಇಳಿದಿತ್ತು. ಒಳ್ಳೆಯದೇ. ಆದರೆ ಕನ್ನಡ ಅನುವಾದ ಎಷ್ಟು ಗಟ್ಟಿ ಇತ್ತು ಅಂದರೆ ಟೀಚರಾದ ನನಗೇ ಎರಡು ಸಲ ಓದಬೇಕಾಯಿತು. ತಮಿಳು ಅಮ್ಮನಿಗೆ ನಾನೇ ಓದಿ ಹೇಳಿದೆ, ಅಂದರೆ ಅವರ ಉತ್ತರ ನನಗೆ ಗೊತ್ತಾಯಿತು. ಗುಟ್ಟು ಎಲ್ಲಿ ಉಳಿಯಿತು? ತಮಿಳು, ಮಲಯಾಳ, ಕೊಡವ ತಕ್ಕ್ ಬರುವ ಒಬ್ಬರು ಬೇಕಿತ್ತು, ಕೊಡಗಿನಲ್ಲಿ ಅದು ಕಷ್ಟದ ವಿಷಯವೇ ಅಲ್ಲ. ಗಂಡಸರು ಬರುವುದೇ ಕಡಿಮೆ, ನಮ್ಮಲ್ಲಿ ನಾಲ್ಕು ಜನ ಬಂದದ್ದೇ ದೊಡ್ಡದು. ಅವರಿಗೆ ಕೂತು ಮಾತಾಡುವುದಕ್ಕಿಂತ ಏನಾದರೂ ಕೈಕೆಲಸ ಮಾಡುತ್ತಾ ಮಾತಾಡುವುದು ಹಗುರ ಅಂತ ನನ್ನ ಅನಿಸಿಕೆ. ಮತ್ತೆ ಟೈಮ್. ನವೆಂಬರ್ ಕೊನೆಗೆ ಅರೇಬಿಕಾ ಹಣ್ಣಾಗುತ್ತದೆ, ಕೊಯ್ಲಿನ ಕೂಲಿ ಬಿಟ್ಟು ಯಾರು ಬರುತ್ತಾರೆ? ಕೊನೆಯ ಎರಡು ವಾರ ನಾವು ಆರೇ ಜನ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮುಂಚೆ ಮುಗಿಸಬೇಕು ಅಂತ ಲೆಕ್ಕ ಹಾಕಿದ್ದರು, ಕಾಫಿಯ ಲೆಕ್ಕ ಹಾಕಿರಲಿಲ್ಲ. ಮೇ ತಿಂಗಳಲ್ಲಿ ಶುರು ಮಾಡಿದ್ದರೆ ಮಳೆಗಾಲಕ್ಕೆ ನಾವು ತಯಾರಾಗುತ್ತಿದ್ದೆವು. ಬೆಂಕಿ ಆರಿದ ಮೇಲೆ ಬಕೆಟ್ ಹುಡುಕಿದ ಹಾಗಾಯಿತು.

ಮಕ್ಕಳಿಗೆ ಬೇರೆ ಗುಂಪು ಇರಲಿಲ್ಲ. ನನ್ನ ಮಗಳಿಗೆ ಆಗ ಹದಿನೈದು. ಇದು ನನ್ನ ದೊಡ್ಡ ದೂರು.

ಎಲ್ಲರಿಗೂ ಇದು ಸರಿಹೋಗುತ್ತದೆ ಅಂತಲೂ ಅಲ್ಲ. ಬಡಾವಣೆಯ ಮೂವರಲ್ಲಿ ಒಬ್ಬರು ಮೂರನೇ ವಾರ ಮುಗಿದ ಮೇಲೆ ಬಿಟ್ಟರು. ಅವರಿಗೆ ಬೇರೆಯವರ ಮಾತು ಕೇಳಿದರೇ ಆಗುತ್ತಿರಲಿಲ್ಲ. ಟೀಚರ್ ಅವರನ್ನು ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋದರು, ಈಗ ಒಬ್ಬರೇ ಹೋಗಿ ಬರುತ್ತಾರೆ, ಮಾತ್ರೆಯೂ ಇದೆ. ಬದುಕಲೇಬೇಡ ಅನಿಸುತ್ತಿದ್ದರೆ, ಕುಡಿತ ಕೈಮೀರಿದ್ದರೆ, ಭಾನುವಾರದವರೆಗೆ ಕಾಯಬೇಡಿ. 14416 ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, 2022ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ವಯನಾಡಿನ ವಾರದಲ್ಲಿ ನಾನೇ ಒಂದು ರಾತ್ರಿ ಮಾಡಿದ್ದೆ. ಆ ಕಡೆಯ ಹುಡುಗಿ ಮೊದಲು ಕೇಳಿದ್ದು "ಊಟ ಆಯ್ತಾ ಮೇಡಂ" ಅಂತ.

ನಿಮ್ಮ ಊರಲ್ಲಿ ಇಂಥ ಗುಂಪು ಶುರುವಾದರೆ ಮೊದಲ ದಿನ ಹೋಗಿ ನೋಡಿ. ಬಾಗಿಲು ತೆಗೆದಿದೆಯಾ, ಎಷ್ಟು ವಾರ ಬರುತ್ತಾರೆ ಅಂತ ಹೇಳಿದರಾ, ಮಕ್ಕಳನ್ನು ದೊಡ್ಡವರ ಜೊತೆ ಕೂರಿಸಿದ್ದಾರಾ, ಕ್ಯಾಮೆರಾ ಇದೆಯಾ. ಮೈಕ್ ಕಂಡರೆ ಟೀ ಕುಡಿದು ಎದ್ದು ಬನ್ನಿ.

ಎಂಟನೇ ವಾರ ಮುಗಿದ ಮೇಲೆ ಮೇಡಂ ಬರುವುದು ನಿಂತಿತು. ವಾಟ್ಸಾಪ್ ಗುಂಪು ಮಾತ್ರ ಉಳಿದಿದೆ, ಹೆಸರು "ನಿಂಬೆ ಎಲೆ". ಜೀಪ್ ಹುಡುಗ ಇಟ್ಟಿದ್ದು. ಗುಡ್ ಮಾರ್ನಿಂಗ್ ಚಿತ್ರ ಹಾಕಬಾರದು ಅಂತ ನಿಯಮ, ಬ್ಯಾಂಕ್ ಸರ್ ವಾರಕ್ಕೊಮ್ಮೆ ಮುರಿಯುತ್ತಾರೆ. ಜೂನ್ ಬಂದ ಮೇಲೆ ಅಜ್ಜನ ಮೆಸೇಜು ದಿನಾ ಬೆಳಿಗ್ಗೆ ಏಳಕ್ಕೆ. ಇವತ್ತಿನದು: "1 ಇಂಚು 62 ಸೆಂಟು. ಎಲ್ಲರೂ ಮಲಗಿದಿರಾ?" ತಮಿಳು ಅಮ್ಮ ವಾಯ್ಸ್ ಮೆಸೇಜಿನಲ್ಲಿ ಮಲಗಿದೆ ಅಂದರು. ನಾನೂ ಮಲಗಿದೆ ಅಂತ ಹಾಕಿದೆ. ಎರಡೂವರೆಗೆ ಒಂದು ಸಲ ಎದ್ದಿದ್ದೆ, ಗೋಡೆ ಮುಟ್ಟಲಿಲ್ಲ. ಬ್ಯಾಗಿನ ಜಿಪ್ ತೆಗೆದು ನೋಡಿ, ಟಾರ್ಚಿನ ಸೆಲ್ ಬದಲಾಯಿಸಿ, ವಾಪಸ್ ಬಾಗಿಲ ಹತ್ತಿರವೇ ಇಟ್ಟೆ.